ಬ್ರೌನ್ ರೈಸ್ ಪಲಾವ್, ಗೋಡಂಬಿ ಬಾದಾಮಿ ಸಮೇತ: ಅಕ್ಕಿ ನೆನೆಸುವುದರಿಂದ ಮರುದಿನದ ಡಬ್ಬಿಯವರೆಗೆ

ಮೊದಲ ಸಲ ನಾನು ಬ್ರೌನ್ ರೈಸ್ ಪಲಾವ್ ಮಾಡಿದ ದಿನ ನಮ್ಮ ಮಾವ ಎರಡು ತುತ್ತು ಬಾಯಿಗಿಟ್ಟು, ಬಹಳ ಹೊತ್ತು ಅಗಿದು, "ಹಲ್ಲು ಗಟ್ಟಿ ಇರೋವರೆಗೂ ತೊಂದರೆ ಇಲ್ಲಮ್ಮ" ಅಂದರು. ಬೇರೇನೂ ಅನ್ನಲಿಲ್ಲ. ಸೋನಾ ಮಸೂರಿಗೆ ಹೇಗೋ ಹಾಗೆಯೇ ತೊಳೆದು, ಒಂದಕ್ಕೆರಡು ನೀರಿಟ್ಟು, ಮೂರು ಸಲ ಕೂಗಿಸಿ ಇಳಿಸಿದ್ದೆ. ಹೊರಗಿನಿಂದ ಬೆಂದ ಹಾಗೆ ಕಾಣುತ್ತಿದ್ದ ಅಗುಳನ್ನು ಬೆರಳಲ್ಲಿ ಹಿಸುಕಿದರೆ ನಡುವೆ ಸುಣ್ಣದ ಚುಕ್ಕಿಯಂತೆ ಬಿಳಿ ಉಳಿದಿತ್ತು. ಮುಂದಿನ ವಾರ ಹಟಕ್ಕೆ ಬಿದ್ದು ಎಂಟು ಸಲ ಕೂಗಿಸಿದೆ. ಅಕ್ಕಿಯೇನೋ ಬೆಂದಿತು. ಆದರೆ ಬೀನ್ಸ್ ಬಣ್ಣಗೆಟ್ಟು ನಾರು ನಾರಾಗಿತ್ತು, ಕ್ಯಾರೆಟ್ ಮುಟ್ಟಿದರೆ ಕರಗುತ್ತಿತ್ತು, ಅಷ್ಟು ದುಡ್ಡು ಕೊಟ್ಟು ತಂದ ಗೋಡಂಬಿ ಬೆಂದ ಹಲಸಿನ ಬೀಜದ ಹಾಗೆ ಮೆತ್ತಗಾಗಿತ್ತು.

ಎರಡೂ ಸಲ ನಾನು ಮಾಡಿದ ತಪ್ಪು ಒಂದೇ. ಈ ಅಕ್ಕಿಗೆ ನೆನೆಯುವುದೂ ಸೇರಿ ಒಂದೂವರೆ ಗಂಟೆ ಬೇಕು, ತರಕಾರಿಗೆ ಏಳೆಂಟು ನಿಮಿಷ ಸಾಕು, ಗೋಡಂಬಿಗೆ ಎರಡೇ ನಿಮಿಷ. ಬಿಳಿ ಅಕ್ಕಿ ಬೇಗ ಬೇಯುವುದರಿಂದ ಎಲ್ಲವನ್ನೂ ಒಟ್ಟಿಗೆ ಕುಕ್ಕರಿಗೆ ತುಂಬಿದರೂ ಹೇಗೋ ನಡೆದುಹೋಗುತ್ತದೆ. ಇಲ್ಲಿ ನಡೆಯುವುದಿಲ್ಲ. ಮೂರನ್ನೂ ಬೇರೆ ಬೇರೆ ಹದಕ್ಕೆ ತಂದು ಕೊನೆಗೆ ಕೂಡಿಸಬೇಕು. ಪಾತ್ರೆ ಒಂದು ಹೆಚ್ಚಾಗುತ್ತದೆ, ತೊಳೆಯುವುದೂ ಒಂದು ಹೆಚ್ಚು. ಆದರೆ ಇದನ್ನು ಒಪ್ಪಿಕೊಂಡ ಮೇಲೆ ನನ್ನ ಪಲಾವ್ ಕೆಟ್ಟದ್ದು ಕಡಿಮೆ.

ಯಾವ ಅಕ್ಕಿ ತರಬೇಕು

ಬ್ರೌನ್ ರೈಸ್ ಎಂಬುದು ತಳಿಯ ಹೆಸರಲ್ಲ. ಭತ್ತದ ಹೊಟ್ಟನ್ನಷ್ಟೇ ತೆಗೆದು, ಒಳಗಿನ ತೌಡಿನ ಪದರವನ್ನೂ ಮೊಳಕೆ ಬರುವ ತುದಿಯನ್ನೂ ಹಾಗೇ ಉಳಿಸಿದ ಯಾವ ಅಕ್ಕಿಯಾದರೂ ಬ್ರೌನ್ ರೈಸೇ. ಒರಳಿನಲ್ಲಿ ಹಾಕಿ ಒನಕೆಯಿಂದ ಕುಟ್ಟುತ್ತಿದ್ದ ಕಾಲದಲ್ಲಿ ತೌಡು ಪೂರ್ತಿ ಹೋಗುತ್ತಲೇ ಇರಲಿಲ್ಲ. ಹೊಳೆಯುವ ಬಿಳಿ ಅಕ್ಕಿ ದಿನದ ಊಟಕ್ಕೆ ಬಂದದ್ದು ಮಿಲ್ಲುಗಳ ಜೊತೆ. ಆ ತೌಡು ಹೋದರೆ ಏನಾಗುತ್ತದೆ ಎಂದು ತೋರಿಸಿಕೊಟ್ಟದ್ದು ಕೋಳಿಗಳು. 1890ರ ದಶಕದಲ್ಲಿ ಜಾವಾದಲ್ಲಿದ್ದ ಡಚ್ ವೈದ್ಯ ಕ್ರಿಶ್ಚಿಯಾನ್ ಐಕ್‌ಮನ್, ಪಾಲಿಶ್ ಮಾಡಿದ ಅಕ್ಕಿಯನ್ನೇ ತಿನ್ನುತ್ತಿದ್ದ ಕೋಳಿಗಳ ಕಾಲು ಸೋತುಹೋಗುವುದನ್ನೂ, ತೌಡಿರುವ ಅಕ್ಕಿ ಹಾಕಿದಾಗ ಅವು ಚೇತರಿಸಿಕೊಳ್ಳುವುದನ್ನೂ ಕಂಡರು. ತೌಡಿನಲ್ಲಿದ್ದ ಆ ವಸ್ತುವನ್ನು ನಾವು ಇವತ್ತು ಥಯಮಿನ್, ಅಂದರೆ ಬಿ1 ವಿಟಮಿನ್ ಎನ್ನುತ್ತೇವೆ. 1929ರಲ್ಲಿ ಅವರಿಗೆ ನೊಬೆಲ್ ಬಂತು.

ಪಲಾವ್‌ಗೆ ನನ್ನ ಮೊದಲ ಆಯ್ಕೆ ಬ್ರೌನ್ ಬಾಸ್ಮತಿ. ಉದ್ದ ಅಗುಳು, ಒಂದಕ್ಕೊಂದು ಅಂಟುವುದಿಲ್ಲ. ಎರಡನೆಯದು ನಮ್ಮ ಹಾಸನದ ಕಡೆಯ ರಾಜಮುಡಿ. ಕೆಂಪು, ಕಂದು, ಬಿಳಿ ಮೂರೂ ಬೆರೆತ ಕಾಳು. ಮೈಸೂರು ಅರಸರ ಮನೆಗೆ ಹೋಗುತ್ತಿದ್ದ ಅಕ್ಕಿ ಎಂಬ ಮಾತು ಊರಲ್ಲಿ ಇದೆ. ಗಿಡ್ಡ ಕಾಳಾದ್ದರಿಂದ ಬಾಸ್ಮತಿಯಷ್ಟು ಉದುರುದುರಾಗಿ ಬರುವುದಿಲ್ಲ, ಆದರೆ ರುಚಿಯಲ್ಲಿ ಬಾಸ್ಮತಿಗಿಂತ ಒಂದು ಕೈ ಮೇಲೆ ಎಂದೇ ನನ್ನ ಲೆಕ್ಕ (ಊರಿನ ಅಭಿಮಾನವನ್ನು ಕಳೆದರೂ ಸರಿ). ಕೊಳ್ಳುವಾಗ ಪಾಲಿಶ್ ಮಾಡದ್ದೇ ಬೇಕು ಎಂದು ಕೇಳಿ. ಅರ್ಧ ಪಾಲಿಶ್ ಮಾಡಿದ್ದೂ ಇದೇ ಹೆಸರಿನಲ್ಲಿ ಸಿಗುತ್ತದೆ, ಅದು ಬೇಗ ಬೇಯುವುದರಿಂದ ಕೆಳಗಿನ ಲೆಕ್ಕ ತಪ್ಪುತ್ತದೆ. ಬ್ರೌನ್ ಸೋನಾ ಮಸೂರಿಯೂ ಆಗುತ್ತದೆ. ಕರಾವಳಿಯ ಕುಚ್ಚಲಕ್ಕಿಯನ್ನು ಮಾತ್ರ ಇದಕ್ಕೆ ಎಳೆದು ತರಬೇಡಿ. ಅದು ಭತ್ತದಲ್ಲೇ ಬೇಯಿಸಿ ಒಣಗಿಸಿದ ಅಕ್ಕಿ, ದಪ್ಪ ಅಗುಳು, ಗಂಜಿಗೂ ಮೀನು ಸಾರಿಗೂ ಹುಟ್ಟಿದ್ದು. ಚಕ್ಕೆ ಲವಂಗದ ಜೊತೆ ಅದಕ್ಕೆ ಮಾತುಕತೆ ಇಲ್ಲ.

ಅಕ್ಕಿ ನಿಜಕ್ಕೂ ಪಾಲಿಶ್ ಆಗಿಲ್ಲವೇ ಎಂದು ನೋಡುವುದು ಸುಲಭ. ಹತ್ತು ಕಾಳು ಅಂಗೈಯಲ್ಲಿ ಹರಡಿಕೊಂಡು ತುದಿಗಳನ್ನು ನೋಡಿ. ಬಿಳಿ ಅಕ್ಕಿಯ ಒಂದು ತುದಿಯಲ್ಲಿ ಇಲಿ ಕಚ್ಚಿದಂತೆ ಸಣ್ಣ ಕಚ್ಚು ಇರುತ್ತದೆ. ಮೊಳಕೆಯ ಭಾಗ ಉದುರಿಹೋದ ಜಾಗ ಅದು. ಬ್ರೌನ್ ರೈಸ್‌ನಲ್ಲಿ ಆ ಜಾಗ ತುಂಬಿಕೊಂಡು, ಮಾಸಲು ಹಳದಿ ಚುಕ್ಕಿಯಂತೆ ಕಾಣುತ್ತದೆ. ಆಮೇಲೆ ಒಂದು ಹಿಡಿ ಅಕ್ಕಿಗೆ ಬಾಯಿಂದ ಬಿಸಿ ಉಸಿರು ಬಿಟ್ಟು ಮೂಸಿ. ಹಸಿ ಗೋಧಿಯ, ಒಣಹುಲ್ಲಿನ ವಾಸನೆ ಬಂದರೆ ಸರಿ. ಹಳೆಯ ಎಣ್ಣೆಯ ಕಮಟು ಬಂದರೆ ಬೇಡ. ತೌಡಿನಲ್ಲಿ ಎಣ್ಣೆ ಇದೆ, ಅದು ಕೆಡುತ್ತದೆ. ಬಿಳಿ ಅಕ್ಕಿಯ ಹಾಗೆ ಮೂಟೆಗಟ್ಟಲೆ ತಂದಿಡುವ ಸಾಮಾನು ಇದಲ್ಲ. ನಾನು ಒಂದು ಕಿಲೋ ತಂದು ಗಾಜಿನ ಡಬ್ಬದಲ್ಲಿ ತುಂಬಿ, ಬೇಸಿಗೆಯಲ್ಲಿ ಫ್ರಿಜ್ಜಿನಲ್ಲೇ ಇಡುತ್ತೇನೆ.

ಏನೇನು ಬೇಕು

ನಾಲ್ಕೈದು ಜನರಿಗೆ ಸಾಕಾಗುವ ಅಳತೆ ಇದು. ಲೋಟ ಎಂದರೆ 200 ಮಿ.ಲೀ. ಹಿಡಿಯುವ ಲೋಟ. ನಿಮ್ಮ ಮನೆಯ ಲೋಟ ಬೇರೆಯಾದರೂ ಅಕ್ಕಿಗೂ ನೀರಿಗೂ ಒಂದೇ ಲೋಟ ಹಿಡಿದರೆ ಸರಿ.

- ಬ್ರೌನ್ ಬಾಸ್ಮತಿ ಅಥವಾ ರಾಜಮುಡಿ 2 ಲೋಟ (ಸುಮಾರು 350 ಗ್ರಾಂ)
- ಗೋಡಂಬಿ 25, ಬಾದಾಮಿ 15, ಸಿಪ್ಪೆ ಸಮೇತ ಕಡಲೆಕಾಯಿ ಬೀಜ 2 ದೊಡ್ಡ ಚಮಚ, ಇದ್ದರೆ ಆಕ್ರೋಟು ನಾಲ್ಕು ಹೋಳು
- ತುಪ್ಪ 2 ದೊಡ್ಡ ಚಮಚ, ಎಣ್ಣೆ 1 ದೊಡ್ಡ ಚಮಚ
- ಚಕ್ಕೆ ಎರಡಿಂಚು, ಲವಂಗ 5, ಏಲಕ್ಕಿ 3, ಪಲಾವ್ ಎಲೆ 1, ಮರಾಠಿ ಮೊಗ್ಗು 1, ಚಕ್ರಮೊಗ್ಗಿನ ಎರಡು ಎಸಳು, ಕಲ್ಲುಹೂವು ಒಂದು ಚಿಟಿಕೆ
- ದೊಡ್ಡ ಈರುಳ್ಳಿ 2, ಹಸಿಮೆಣಸಿನಕಾಯಿ 3, ಶುಂಠಿ ಬೆಳ್ಳುಳ್ಳಿ ಜಜ್ಜಿದ್ದು 2 ಚಿಕ್ಕ ಚಮಚ, ಪುದೀನ ಒಂದು ಹಿಡಿ
- ಬೀನ್ಸ್, ಕ್ಯಾರೆಟ್, ಬಟಾಣಿ ಸೇರಿ ಎರಡು ಲೋಟ
- ಉಪ್ಪು 2 ಚಿಕ್ಕ ಚಮಚ, ನಿಂಬೆಹಣ್ಣು ಅರ್ಧ, ಕೊತ್ತಂಬರಿ ಸೊಪ್ಪು

ಗರಂ ಮಸಾಲೆ ಪುಡಿ ಪಟ್ಟಿಯಲ್ಲಿಲ್ಲ, ಮರೆತದ್ದಲ್ಲ. ಈ ಅಕ್ಕಿಗೆ ಹುರಿದ ಕಾಳಿನಂಥ ತನ್ನದೇ ಘಮ ಇದೆ, ಗೋಡಂಬಿ ಬಾದಾಮಿಗೆ ಸೇರುವುದೂ ಆ ಘಮವೇ. ಪುಡಿ ಸುರಿದರೆ ಎರಡೂ ಮುಚ್ಚಿಹೋಗುತ್ತವೆ. ಟೊಮೆಟೊ ಕೂಡ ಅದಕ್ಕೇ ಬಿಟ್ಟೆ; ಹುಳಿ ಕೊನೆಯಲ್ಲಿ ನಿಂಬೆಯಿಂದ ಬರಲಿ.

ನೆನೆಸುವುದು

ಅಕ್ಕಿಯನ್ನು ಎರಡು ಮೂರು ನೀರಿನಲ್ಲಿ ತೊಳೆದು, ಮುಳುಗುವಷ್ಟು ನೀರು ಹಾಕಿ ಒಂದು ಗಂಟೆ ಬಿಡಿ. ರಾಜಮುಡಿಗೆ ಒಂದೂವರೆ ಗಂಟೆ. ಅವಸರವಿದ್ದರೆ ಉಗುರು ಬೆಚ್ಚಗಿನದಕ್ಕಿಂತ ಸ್ವಲ್ಪ ಹೆಚ್ಚು ಬಿಸಿಯ ನೀರಿನಲ್ಲಿ ಅರ್ಧ ಗಂಟೆ ಬಿಟ್ಟರೂ ಆಗುತ್ತದೆ. ಬೆಳಿಗ್ಗೆ ನೆನೆಹಾಕಿ ಆಫೀಸಿಗೆ ಹೋಗಿ ಸಂಜೆ ಬಂದು ಮಾಡುವ ಯೋಚನೆ ಇದ್ದರೆ ಪಾತ್ರೆ ಫ್ರಿಜ್ಜಿನಲ್ಲಿರಲಿ. ಬೇಸಿಗೆಯಲ್ಲಿ ಹೊರಗಿಟ್ಟರೆ ಸಂಜೆಗೆ ದೋಸೆ ಹಿಟ್ಟಿನ ಹುಳಿ ವಾಸನೆ ಏಳುತ್ತದೆ.

ಇಷ್ಟು ಹೊತ್ತು ಯಾಕೆ? ತೌಡಿನ ಪದರ ಒಳಗೆ ನೀರು ಇಳಿಯದಂತೆ ತಡೆಯುತ್ತದೆ, ಅದರಲ್ಲಿ ಎಣ್ಣೆ ಬೇರೆ ಇದೆ. ನೆನೆಸದೆ ಒಲೆಗಿಟ್ಟರೆ ಹೊರಭಾಗ ಬೆಂದು ಬಾಯಿಬಿಡುವ ಹೊತ್ತಿಗೂ ನಡುಭಾಗಕ್ಕೆ ನೀರೇ ಮುಟ್ಟಿರುವುದಿಲ್ಲ. ನನ್ನ ಮೊದಲ ಪಲಾವಿನಲ್ಲಿ ಕಂಡ ಸುಣ್ಣದ ಚುಕ್ಕಿ ಇದೇ. ಒಂದು ಗಂಟೆ ನೆನೆದ ಕಾಳನ್ನು ಉಗುರಿನಿಂದ ಒತ್ತಿ ನೋಡಿ: ಟಕ್ಕೆಂದು ಒಡೆದು ಸಿಡಿಯದೆ, ಎರಡು ತುಂಡಾಗಿ ಒಳಗೆಲ್ಲ ಒಂದೇ ಬಣ್ಣ ಕಂಡರೆ ನೀರು ಮುಟ್ಟಿದೆ ಎಂದರ್ಥ.

ನೆನೆಸಿದ ನೀರನ್ನು ಚೆಲ್ಲಿ. ಜಾಲರಿಯಲ್ಲಿ ಹತ್ತು ನಿಮಿಷ ಬಸಿಯಲು ಬಿಡಿ. ಬಸಿಯದೆ ಹಾಕಿದರೆ ಅಕ್ಕಿಯ ಜೊತೆ ಎಷ್ಟು ನೀರು ಹೋಯಿತೆಂದು ಲೆಕ್ಕ ಸಿಗುವುದಿಲ್ಲ, ಮುಂದಿನ ಅಳತೆಯೆಲ್ಲ ಏರುಪೇರು.

ಬೀಜಗಳನ್ನು ಹುರಿಯುವುದು

ಅಕ್ಕಿ ನೆನೆಯುತ್ತಿರುವಾಗಲೇ ಇದನ್ನು ಮುಗಿಸಿಬಿಡಿ. ಹುರಿದ ಗೋಡಂಬಿ ಒಂದು ಗಂಟೆ ತಟ್ಟೆಯಲ್ಲಿ ಕೂತರೆ ಏನೂ ಆಗುವುದಿಲ್ಲ. ಮಕ್ಕಳಿಂದ ಕಾಪಾಡುವುದೊಂದೇ ಕೆಲಸ.

ಗೋಡಂಬಿ ಬ್ರೆಜಿಲ್ ಕಡೆಯ ಮರ. ಪೋರ್ಚುಗೀಸರು 16ನೇ ಶತಮಾನದಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ತಂದರು. ಈಗ ಮಂಗಳೂರಿನ ಸುತ್ತ ಅದರದೇ ಕಾರ್ಖಾನೆಗಳು, ಪುತ್ತೂರಿನಲ್ಲಿ ಕೇಂದ್ರ ಸರ್ಕಾರದ ಗೇರು ಸಂಶೋಧನಾ ನಿರ್ದೇಶನಾಲಯ. ಅಂಗಡಿಯ ಪೊಟ್ಟಣದ ಮೇಲೆ ಡಬ್ಲ್ಯೂ 240, ಡಬ್ಲ್ಯೂ 320 ಎಂದು ಬರೆದಿರುವುದನ್ನು ನೋಡಿರಬಹುದು. ಒಂದು ಪೌಂಡಿಗೆ, ಅಂದರೆ ಸುಮಾರು 454 ಗ್ರಾಂಗೆ, ಹೆಚ್ಚೆಂದರೆ ಎಷ್ಟು ಇಡೀ ಬೀಜ ತೂಗುತ್ತವೆ ಎಂಬುದೇ ಆ ಸಂಖ್ಯೆ. ಸಂಖ್ಯೆ ಚಿಕ್ಕದಾದಷ್ಟೂ ಬೀಜ ದಪ್ಪ, ಬೆಲೆ ಜಾಸ್ತಿ. ಪಲಾವ್‌ಗೆ ಇಡೀ ಬೀಜಕ್ಕೆ ದುಡ್ಡು ಸುರಿಯಬೇಕಿಲ್ಲ. ಉದ್ದುದ್ದ ಸೀಳಿದ ಹೋಳು ಸಾಕು. ಹೋಳಿನ ಚಪ್ಪಟೆ ಮುಖ ಬಾಣಲೆಗೆ ಕೂತು ಚೆನ್ನಾಗಿ ಕೆಂಪಾಗುತ್ತದೆ, ತುತ್ತು ತುತ್ತಿಗೂ ಸಿಗುತ್ತದೆ.

ಬಾದಾಮಿಯನ್ನು ಕುದಿಯುವ ನೀರಿನಲ್ಲಿ ಎರಡು ನಿಮಿಷ ಬಿಟ್ಟು, ತಣ್ಣೀರಿಗೆ ಹಾಕಿ ಹಿಚುಕಿದರೆ ಸಿಪ್ಪೆ ಜಾರುತ್ತದೆ. ಬಟ್ಟೆಯಲ್ಲಿ ಒರೆಸಿ, ಉದ್ದಕ್ಕೆ ಎರಡು ಮೂರು ಸೀಳು ಮಾಡಿ. ಸಿಪ್ಪೆ ಇಷ್ಟಪಡುವವರು ಹಾಗೇ ಕತ್ತರಿಸಬಹುದು. ಒದ್ದೆ ಬಾದಾಮಿ ಮಾತ್ರ ತುಪ್ಪಕ್ಕೆ ಬೀಳಬಾರದು, ಸಿಡಿಯುತ್ತದೆ.

ಕಡಲೆಕಾಯಿ ಬೀಜವನ್ನು ತುಪ್ಪವಿಲ್ಲದೆ ಬರೀ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು, ಚಟಪಟ ಎನ್ನತೊಡಗಿದಾಗ ತೆಗೆದು, ಆರಿದ ಮೇಲೆ ಉಜ್ಜಿ ಸಿಪ್ಪೆ ಊದಿ. ಉತ್ತರ ಕರ್ನಾಟಕದವರು ಶೇಂಗಾ ಹಾಕದೆ ಅಡುಗೆ ಮುಗಿಸುವುದಿಲ್ಲ ಎಂದು ನಾವು ಮೈಸೂರಿನವರು ನಗುತ್ತೇವೆ. ಈ ಪಲಾವಿನಲ್ಲಿ ಅವರೇ ಸರಿ. ಗೋಡಂಬಿ ಮೆತ್ತಗೆ ಸಿಹಿ, ಬಾದಾಮಿ ಸಪ್ಪೆ ಗಟ್ಟಿ, ಕರುಮ್ ಎನ್ನುವುದು ಶೇಂಗಾ ಒಂದೇ, ಮೂರರಲ್ಲಿ ಅಗ್ಗವೂ ಅದೇ.

ಈಗ ಅದೇ ಬಾಣಲೆಗೆ ಒಂದು ದೊಡ್ಡ ಚಮಚ ತುಪ್ಪ. ಉರಿ ಸಣ್ಣಗಿರಲಿ. ಮೊದಲು ಬಾದಾಮಿ, ಅದು ಗಟ್ಟಿ, ಮೂರು ನಿಮಿಷ ಬೇಕು. ಅಂಚು ಬಣ್ಣ ತಿರುಗುವಾಗ ಗೋಡಂಬಿ ಹಾಕಿ, ಸೌಟು ನಿಲ್ಲಿಸಬೇಡಿ. ಇಲ್ಲಿ ಫೋನ್ ಬಂದರೆ ತೆಗೆಯಬೇಡಿ. ಮೊದಲ ಒಂದು ನಿಮಿಷ ಏನೂ ಆಗುವುದಿಲ್ಲ, ಗೋಡಂಬಿ ಬೆಳ್ಳಗೆ ಹೊಳೆಯುತ್ತಾ ಕೂತಿರುತ್ತದೆ. ಆಮೇಲೆ ಅಂಚಿನಲ್ಲಿ ಜೇನಿನ ಬಣ್ಣದ ಗೆರೆ ಮೂಡುತ್ತದೆ. ಗೆರೆ ಮೂಡಿ ಬೆನ್ನು ಇನ್ನೂ ಬೆಳ್ಳಗಿರುವಾಗಲೇ ಬಾಣಲೆಯಿಂದ ತಟ್ಟೆಗೆ ತೆಗೆಯಿರಿ. ಅರೆಬರೆ ಹುರಿದಿದೆ ಎನ್ನಿಸುತ್ತದೆ, ಎನ್ನಿಸಲಿ. ಒಳಗಿನ ಬಿಸಿ ತಟ್ಟೆಯಲ್ಲೂ ಒಂದು ನಿಮಿಷ ಹುರಿಯುತ್ತಲೇ ಇರುತ್ತದೆ, ನೋಡನೋಡುತ್ತಿದ್ದಂತೆ ಪೂರ್ತಿ ಹೊಂಬಣ್ಣಕ್ಕೆ ಬರುತ್ತದೆ. ಬಾಣಲೆಯಲ್ಲೇ ಹೊಂಬಣ್ಣ ಬರಲಿ ಎಂದು ಕಾದರೆ ತಟ್ಟೆಯಲ್ಲಿ ಕಂದಾಗಿ ಕಹಿಯಾಗುತ್ತದೆ. ಒಲೆ ಆರಿಸಿ ಬಿಸಿ ಬಾಣಲೆಯಲ್ಲೇ ಬಿಡುವುದೂ ಅಷ್ಟೇ ತಪ್ಪು.

ಆಕ್ರೋಟು ಹಾಕುವುದಾದರೆ ಒಲೆ ಆರಿಸಿದ ಮೇಲೆ ಉಳಿದ ತುಪ್ಪದಲ್ಲಿ ಅರ್ಧ ನಿಮಿಷ ಹೊರಳಿಸಿದರೆ ಸಾಕು. ಅದರ ಸಿಪ್ಪೆ ಬೇಗ ಸೀದು ಕಹಿ ಬಿಡುತ್ತದೆ. ಒಣದ್ರಾಕ್ಷಿ ನಿಮ್ಮಿಷ್ಟ. ನಮ್ಮ ಮನೆಯಲ್ಲಿ ಅರ್ಧ ಜನ ಅದನ್ನು ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸಿ ಏಳುತ್ತಾರೆ.

ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಬೀಜ ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯ ಇದೆ. ಕುಟ್ಟಿ ತರಿಯಾಗಿ ಹಾಕಿ. ನೆಂಟರು ಬರುವವರಿದ್ದರೆ ಯಾರಿಗಾದರೂ ಕಡಲೆಕಾಯಿ, ಗೋಡಂಬಿ ಒಗ್ಗುವುದಿಲ್ಲವೇ ಎಂದು ಮೊದಲೇ ಕೇಳಿ. ಒಗ್ಗದವರಿದ್ದರೆ ಬೀಜವನ್ನು ಬೇರೆ ಬಟ್ಟಲಲ್ಲಿಡುವುದು ಸಾಲದು. ಆ ಬಾಣಲೆ, ಸೌಟು, ತುಪ್ಪ ಯಾವುದೂ ಅವರ ಅನ್ನಕ್ಕೆ ತಾಗಬಾರದು.

ಅಕ್ಕಿ ಬೇಯಿಸುವುದು, ಕುಕ್ಕರಿನಲ್ಲಿ

ಕುಕ್ಕರಿನಲ್ಲೇ ಎಣ್ಣೆ ಮತ್ತು ಉಳಿದ ಒಂದು ಚಮಚ ತುಪ್ಪ ಕಾಯಿಸಿ. ಚಕ್ಕೆ, ಲವಂಗ, ಮೊಗ್ಗುಗಳು, ಏಲಕ್ಕಿ, ಪಲಾವ್ ಎಲೆ ಹಾಕಿ. ಲವಂಗ ಉಬ್ಬಿದಾಗ ಕಲ್ಲುಹೂವು ಉದುರಿಸಿ. ಅದು ತೆಳು, ಮೊದಲೇ ಹಾಕಿದರೆ ಸೀಯುತ್ತದೆ. ಉದ್ದಕ್ಕೆ ಹೆಚ್ಚಿದ ಈರುಳ್ಳಿಯನ್ನು ಏಳೆಂಟು ನಿಮಿಷ, ಅಂಚು ಕೆಂಪಾಗುವವರೆಗೂ ಬಾಡಿಸಿ. ತರಕಾರಿಯನ್ನು ಬೇರೆ ಬೇಯಿಸುವುದರಿಂದ ಅಕ್ಕಿಗೆ ರುಚಿ ಕೊಡುವವರು ಈ ಈರುಳ್ಳಿ, ಶುಂಠಿ, ಪುದೀನವೇ. ಇಲ್ಲಿ ಅವಸರ ಮಾಡಿದರೆ ಅನ್ನ ಒಂದು ದಾರಿ, ತರಕಾರಿ ಇನ್ನೊಂದು ದಾರಿ ಆಗುತ್ತದೆ. ಸೀಳಿದ ಹಸಿಮೆಣಸಿನಕಾಯಿ, ಶುಂಠಿ ಬೆಳ್ಳುಳ್ಳಿ ಹಾಕಿ ಹಸಿ ವಾಸನೆ ಹೋದ ಮೇಲೆ ಪುದೀನ.

ಬಸಿದ ಅಕ್ಕಿ ಹಾಕಿ ಎರಡು ಮೂರು ನಿಮಿಷ ಮೆಲ್ಲಗೆ ಹೊರಳಿಸಿ. ಪ್ರತಿ ಕಾಳಿಗೂ ತುಪ್ಪ ಹತ್ತಿ, ಪಾಪ್‌ಕಾರ್ನಿನಂಥ ಸಣ್ಣ ಘಮ ಬರುತ್ತದೆ. ಈಗ ಕುದಿಯುವ ನೀರು, ಉಪ್ಪು. ನೀರಿನ ಲೆಕ್ಕ: ನೆನೆಸಿ ಬಸಿದ ಬ್ರೌನ್ ಬಾಸ್ಮತಿ 2 ಲೋಟಕ್ಕೆ ಮೂರೂವರೆ ಲೋಟ, ರಾಜಮುಡಿಗೆ ನಾಲ್ಕು. ಈ ಹಂತದಲ್ಲಿ ನೀರಿನ ರುಚಿ ನೋಡಿ. ಉಪ್ಪು ಒಂದು ಚೂರು ಮುಂದಾಗಿರಬೇಕು.

ಇನ್ನು ಕೂಗಿನ ವಿಷಯ. "ಎಷ್ಟು ವಿಷಲ್?" ಎಂದು ಕೇಳಿದರೆ ನಾನು ಉತ್ತರ ಕೊಡುವುದಿಲ್ಲ. ಮೂರು ಲೀಟರಿನ ಕುಕ್ಕರ್ ದೊಡ್ಡ ಉರಿಯಲ್ಲಿ ಆರು ನಿಮಿಷಕ್ಕೆ ನಾಲ್ಕು ಸಲ ಕೂಗುತ್ತದೆ, ಐದು ಲೀಟರಿನದು ಅಷ್ಟೇ ಹೊತ್ತಿನಲ್ಲಿ ಎರಡು ಸಲ. ಅಕ್ಕಿಗೆ ಬೇಕಾದದ್ದು ಕೂಗಲ್ಲ, ಬಿಸಿ ಮತ್ತು ಹೊತ್ತು. ಹೀಗೆ ಮಾಡಿ: ದೊಡ್ಡ ಉರಿಯಲ್ಲಿ ಮೊದಲ ಕೂಗು ಬರಲಿ. ಕೂಡಲೇ ಉರಿಯನ್ನು ಪೂರ್ತಿ ತಗ್ಗಿಸಿ, ಗಡಿಯಾರ ನೋಡಿಕೊಂಡು ಬಾಸ್ಮತಿಗೆ 12 ನಿಮಿಷ, ರಾಜಮುಡಿಗೆ 14. ನಡುವೆ ಕೂಗಿದರೆ ಕೂಗಲಿ. ಒಲೆ ಆರಿಸಿ ಆವಿ ತಾನಾಗಿ ಇಳಿಯುವವರೆಗೂ ಮುಟ್ಟಬೇಡಿ, ಹತ್ತು ಹದಿನೈದು ನಿಮಿಷ ಹಿಡಿಯುತ್ತದೆ. ವೆಯಿಟ್ ಎತ್ತಿ ಆವಿ ಬಿಟ್ಟರೆ ಒತ್ತಡ ಒಮ್ಮೆಲೇ ಇಳಿದು, ಅಗುಳಿನ ಒಳಗಿನ ನೀರು ಕುದಿದು ತೌಡಿನ ಪದರವನ್ನು ಸೀಳುತ್ತದೆ. ಉದುರಾಗಬೇಕಾದದ್ದು ಗಂಜಿಗಂಜಿಯಾಗುವುದು ಹಾಗೆ.

ನಿಮ್ಮ ಕುಕ್ಕರಿನ ಸ್ವಭಾವ ಮೊದಲ ಸಲಕ್ಕೆ ತಿಳಿಯುವುದಿಲ್ಲ. ಅನ್ನ ಒದ್ದೆ ಎನ್ನಿಸಿದರೆ ಮುಂದಿನ ಸಲ ಕಾಲು ಲೋಟ ಕಡಿಮೆ, ಬಿರುಸಾದರೆ ಕಾಲು ಲೋಟ ಹೆಚ್ಚು. ಸಮಯ ಬದಲಿಸಬೇಡಿ, ನೀರು ಮಾತ್ರ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದು ಗೊತ್ತಾಗುವುದಿಲ್ಲ.

ಕುಕ್ಕರ್ ಬೇಡ ಎನ್ನುವವರಿಗೆ

ದಪ್ಪ ತಳದ ಪಾತ್ರೆಯಲ್ಲೂ ಇದೇ ಕ್ರಮ, ನೀರು ನಾಲ್ಕು ಲೋಟ. ಕುದಿ ಬಂದ ಮೇಲೆ ಬಿಗಿಯಾಗಿ ಮುಚ್ಚಿ, ಅತಿ ಸಣ್ಣ ಉರಿಯಲ್ಲಿ 30ರಿಂದ 35 ನಿಮಿಷ. ನಡುವೆ ಮುಚ್ಚಳ ತೆಗೆದು ಇಣುಕಬೇಡಿ. ಪಕ್ಕದಲ್ಲಿ ಅರ್ಧ ಲೋಟ ಬಿಸಿನೀರು ಇರಲಿ. ಅಕ್ಕಿಗಿಂತ ಮೊದಲು ನೀರು ಮುಗಿದರೆ ಬೇಕಾಗುತ್ತದೆ.

ಈ ವಿಧಾನದಲ್ಲಿ ನಿಮ್ಮ ಊರು ಎಷ್ಟು ಎತ್ತರದಲ್ಲಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಮಂಗಳೂರಿನಲ್ಲಿ ನೀರು 100 ಡಿಗ್ರಿಗೆ ಕುದಿದರೆ, ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ 97ರ ಹತ್ತಿರವೇ ಕುದಿಯುತ್ತದೆ, ಮಡಿಕೇರಿಯಲ್ಲಿ ಇನ್ನೊಂದು ಡಿಗ್ರಿ ಕಡಿಮೆ. ಬಿಳಿ ಅಕ್ಕಿಯಲ್ಲಿ ಈ ವ್ಯತ್ಯಾಸ ಕಾಣುವುದಿಲ್ಲ, ಇದರಲ್ಲಿ ಐದು ಹತ್ತು ನಿಮಿಷವಾಗಿ ಕಾಣುತ್ತದೆ. ಅಮೆರಿಕದ ಡೆನ್ವರ್‌ನಲ್ಲಿರುವ ನನ್ನ ತಂಗಿ ಒಂದು ಸಲ ಫೋನ್ ಮಾಡಿ, "ಅಕ್ಕಾ, ಮುಕ್ಕಾಲು ಗಂಟೆ ಆಯ್ತು ಕಣೇ, ಇನ್ನೂ ಕಟಕಟ ಅಂತಿದೆ" ಎಂದು ಗೋಳಾಡಿದಳು. ಆ ಊರು 1,600 ಮೀಟರ್ ಎತ್ತರದಲ್ಲಿದೆ, ನೀರು 95 ಡಿಗ್ರಿಯ ಆಸುಪಾಸಿನಲ್ಲೇ ಕುದಿದು ಆವಿಯಾಗುತ್ತದೆ. ಉರಿ ಜಾಸ್ತಿ ಮಾಡಿದರೆ ನೀರು ಬೇಗ ಹಾರುತ್ತದೆಯೇ ಹೊರತು ಅಕ್ಕಿ ಬೇಗ ಬೇಯುವುದಿಲ್ಲ. ಅವಳಿಗೆ ನಾನು ಹೇಳಿದ್ದು ಎರಡೇ: ರಾತ್ರಿಯೇ ನೆನೆಹಾಕು, ಇಲ್ಲಾ ಕುಕ್ಕರ್ ತಗೋ.

ಬಸಿದು ಮಾಡುವ ಮೂರನೆಯ ದಾರಿಯೂ ಇದೆ. ಹತ್ತು ಹನ್ನೆರಡು ಲೋಟ ನೀರಿಗೆ ಉಪ್ಪು ಹಾಕಿ ಕುದಿಸಿ, ಅಕ್ಕಿ ಹಾಕಿ 25 ನಿಮಿಷದ ಸುಮಾರಿಗೆ ಒಂದು ಅಗುಳು ಕಚ್ಚಿ ನೋಡಿ, ಒಂದೇ ಒಂದು ಎಳೆ ಬಿರುಸು ಉಳಿದಿರುವಾಗ ಬಸಿದು, ಒಗ್ಗರಣೆಗೆ ಸೇರಿಸಿ ಹತ್ತು ನಿಮಿಷ ಸಣ್ಣ ಉರಿಯಲ್ಲಿ ಮುಚ್ಚಿಡುವುದು. ಅಳತೆ ತಪ್ಪುವ ಭಯವೇ ಇಲ್ಲ. ಭತ್ತ ಮಣ್ಣು ನೀರಿನಿಂದ ಹೀರಿಕೊಳ್ಳುವ ಆರ್ಸೆನಿಕ್ ಹೆಚ್ಚಾಗಿ ಸೇರುವುದು ತೌಡಿನಲ್ಲೇ. ನಿತ್ಯವೂ ಬ್ರೌನ್ ರೈಸ್ ಉಣ್ಣುವ ಮನೆಯವರಿಗೆ ಬಸಿಯುವುದು ಒಳ್ಳೆಯದು, ಅದರಲ್ಲೊಂದು ಪಾಲು ನೀರಿನ ಜೊತೆ ಹೋಗುತ್ತದೆ. ಒಳ್ಳೆಯ ವಿಟಮಿನ್ನೂ ಸ್ವಲ್ಪ ಹೋಗುತ್ತದೆ, ರುಚಿಯೂ ಒಂದು ಚೂರು ತೆಳುವಾಗುತ್ತದೆ. ನಾನು ಮಾಡುವುದು ತಿಂಗಳಿಗೆರಡು ಸಲ, ಕುಕ್ಕರೇ ಸಾಕು.

ತರಕಾರಿ, ಆಮೇಲೆ ಕೂಡಿಸುವುದು

ಕುಕ್ಕರಿನ ಆವಿ ಇಳಿಯುತ್ತಿರುವ ಆ ಹತ್ತು ಹದಿನೈದು ನಿಮಿಷ ತರಕಾರಿಯದು. ಬೀಜ ಹುರಿದ ಬಾಣಲೆಯಲ್ಲಿ ಅಂಟಿಕೊಂಡಿರುವ ತುಪ್ಪವೇ ಸಾಕು. ಬೀನ್ಸ್, ಕ್ಯಾರೆಟ್ ಹಾಕಿ, ಚಿಟಿಕೆ ಉಪ್ಪು ಉದುರಿಸಿ ಒಂದು ನಿಮಿಷ ಬಾಡಿಸಿ. ಮೂರು ಚಮಚ ನೀರು ಚಿಮುಕಿಸಿ ಮುಚ್ಚಿ ನಾಲ್ಕು ನಿಮಿಷ. ಬಟಾಣಿ ಹಾಕಿ ಇನ್ನೆರಡು ನಿಮಿಷ, ಮುಚ್ಚಳವಿಲ್ಲದೆ. ಬೀನ್ಸ್ ಹಸಿರಾಗಿಯೇ ಇದ್ದು ಕಚ್ಚಿದರೆ ಸ್ವಲ್ಪ ತಡೆಯಬೇಕು. ಬಾಣಲೆಯಲ್ಲಿ ನೀರು ಉಳಿಯಬಾರದು.

ಕುಕ್ಕರ್ ತೆಗೆದಾಗ ಚಕ್ಕೆ, ಎಲೆಗಳು ಮೇಲೆ ತೇಲಿ ಕೂತಿರುತ್ತವೆ, ಅನ್ನ ನೋಡಲು ತುಸು ಒದ್ದೆ. ಗಾಬರಿ ಬೇಡ. ತೆಳು ಬಟ್ಟೆಯೊಂದನ್ನು ಬಾಯಿಗೆ ಹಾಸಿ ಮುಚ್ಚಳವನ್ನು ಸುಮ್ಮನೆ ಮೇಲಿಟ್ಟು ಐದು ನಿಮಿಷ ಬಿಡಿ. ಆವಿಯ ಹನಿ ಬಟ್ಟೆ ಹೀರಿಕೊಳ್ಳುತ್ತದೆ. ಆಮೇಲೆ ಫೋರ್ಕಿನಿಂದ ಅಂಚಿನಿಂದ ನಡುವಿಗೆ ಕೆದಕುತ್ತಾ ಬಿಡಿಸಿ. ಸೌಟು ಹಾಕಿ ತಿರುವಿದರೆ ಅಗುಳು ಮುರಿಯುತ್ತವೆ. ಅಗಲ ಪಾತ್ರೆಗೆ ಒಂದು ಪದರ ಅನ್ನ, ಮೇಲೆ ತರಕಾರಿ, ಮತ್ತೆ ಅನ್ನ. ನಿಂಬೆ ಹಿಂಡಿ, ಕೊತ್ತಂಬರಿ ಉದುರಿಸಿ, ಎರಡು ಸಲ ಕೆಳಗಿಂದ ಮೇಲಕ್ಕೆ ಮಗುಚಿ ನಿಲ್ಲಿಸಿ.

ಬೀಜಗಳು ತಟ್ಟೆ ಹಾಕುವಾಗ. ಅದಕ್ಕೂ ಮೊದಲು ಬೇಡ. ಬಿಸಿ ಅನ್ನದ ಆವಿಯಲ್ಲಿ ಕಾಲು ಗಂಟೆ ಕೂತರೆ ಗೋಡಂಬಿ ಮತ್ತೆ ಮೆತ್ತಗಾಗುತ್ತದೆ. ಅರ್ಧ ಬೀಜ ಬೆರೆಸಿ, ಅರ್ಧ ಬಡಿಸಿದ ಮೇಲೆ ಮೇಲಿಂದ ಉದುರಿಸುವುದು ನನ್ನ ರೂಢಿ.

ಜೊತೆಗೆ ಸೌತೆಕಾಯಿ ಮೊಸರು ಬಜ್ಜಿ ಸಾಕು. ಸಾಗು, ಕುರ್ಮ ಮಾಡಬಹುದು, ಆದರೆ ತೆಂಗಿನಕಾಯಿ ಗೋಡಂಬಿ ಅರೆದ ಕುರ್ಮದ ಕೆಳಗೆ ಹುರಿದ ಗೋಡಂಬಿ ಕಳೆದುಹೋಗುತ್ತದೆ.

ಕೈಕೊಟ್ಟಾಗ

ಅಗುಳು ಇನ್ನೂ ಬಿರುಸು, ನೀರು ಮುಗಿದಿದೆ: ಕಾಲು ಲೋಟ ಕುದಿಯುವ ನೀರನ್ನು ಅಲ್ಲಲ್ಲಿ ಚಿಮುಕಿಸಿ, ಕುಕ್ಕರಿಗೆ ಬೇರೆ ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ ಎಂಟು ನಿಮಿಷ. ಮತ್ತೆ ಕೂಗಿಸಲು ಹೋಗಬೇಡಿ. ಇಷ್ಟು ಕಡಿಮೆ ನೀರಿನಲ್ಲಿ ಕೂಗುವ ಮೊದಲೇ ತಳ ಹಿಡಿಯುತ್ತದೆ.

ಬೆಂದಿದೆ ಆದರೆ ನೀರು ನಿಂತಿದೆ: ಮುಚ್ಚಳ ತೆಗೆದು, ಕಲಕದೆ, ಸಣ್ಣ ಉರಿಯಲ್ಲಿ ಐದಾರು ನಿಮಿಷ. ತೀರಾ ಹೆಚ್ಚಿದ್ದರೆ ದೊಡ್ಡ ತಟ್ಟೆಯಲ್ಲಿ ಹರಡಿ ಫ್ಯಾನ್ ಹಾಕಿ.

ತಳ ಹಿಡಿದಿದೆ: ಕೆರೆಯಬೇಡಿ. ಮೇಲಿನದನ್ನು ಬೇರೆ ಪಾತ್ರೆಗೆ ಎತ್ತಿಕೊಂಡು, ಎರಡು ಪುದೀನ ಎಲೆ ಹಾಕಿ ಮುಚ್ಚಿ.

ಮುದ್ದೆಯಾಗಿದೆ: ಅದನ್ನು ಪಲಾವ್ ಎಂದು ಒಪ್ಪಿಸುವ ಹಟ ಬೇಡ. ಬೆಂದ ಹೆಸರುಬೇಳೆ, ಸ್ವಲ್ಪ ಬಿಸಿನೀರು, ಮೆಣಸು ಜೀರಿಗೆ ಒಗ್ಗರಣೆ ಸೇರಿಸಿದರೆ ಒಳ್ಳೆಯ ಕಿಚಡಿ. ಗೋಡಂಬಿ ಅದಕ್ಕೂ ಹೊಂದುತ್ತದೆ.

ಸಕ್ಕರೆ ಕಾಯಿಲೆಯವರ ಪ್ರಶ್ನೆ

"ಬ್ರೌನ್ ರೈಸ್ ಅಲ್ವಾ, ಎಷ್ಟು ತಿಂದ್ರೂ ಆಗುತ್ತೆ" ಎಂದು ಎರಡನೇ ಸಲ ಬಡಿಸಿಕೊಳ್ಳುವವರು ಎಲ್ಲ ಮನೆಯಲ್ಲೂ ಇದ್ದಾರೆ. ಆಗುವುದಿಲ್ಲ. ಬಿಳಿ ಅಕ್ಕಿಗಿಂತ ನಾರು ಹೆಚ್ಚು, ಮೆಗ್ನೀಸಿಯಂ ಹೆಚ್ಚು, ಸಕ್ಕರೆ ಏರುವುದು ತುಸು ನಿಧಾನ, ನಿಜ. ಆದರೂ ಅದು ಅನ್ನವೇ, ಪಿಷ್ಟವೇ. ಮೇಲೆ ಗೋಡಂಬಿ ಇದೆ: 25 ಬೀಜಕ್ಕೆ ಇನ್ನೂರು ಕ್ಯಾಲೊರಿಯ ಮೇಲೆ, ತುಪ್ಪ ಒಂದು ದೊಡ್ಡ ಚಮಚಕ್ಕೆ ನೂರರ ಮೇಲೆ. ಮಾವನಿಗೆ ನಾನು ಬಡಿಸುವುದು ಒಂದು ಲೋಟ ಪಲಾವ್, ಅದರಷ್ಟೇ ತರಕಾರಿ, ಒಂದು ಬಟ್ಟಲು ಮೊಸರು ಬಜ್ಜಿ. ಹಸಿವು ಬೇಗ ಬರುವುದಿಲ್ಲ ಎಂದು ಅವರೇ ಹೇಳುತ್ತಾರೆ. ಅಗಿಯಬೇಕಾದ ಊಟವಾದ್ದರಿಂದ ನಿಧಾನಕ್ಕೆ ಉಣ್ಣುತ್ತಾರೆ, ಅದೂ ಒಂದು ಕಾರಣ ಇರಬೇಕು.

ಉಳಿದದ್ದು, ಡಬ್ಬಿಗೆ ಹಾಕುವುದು

ಉಳಿದ ಪಲಾವನ್ನು ರಾತ್ರಿಯಿಡೀ ಒಲೆಯ ಮೇಲೆ ಬಿಡಬೇಡಿ. ಅನ್ನದಲ್ಲಿ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾ ಬಿಡುವ ವಿಷ ಮರುದಿನ ಎಷ್ಟು ಬಿಸಿ ಮಾಡಿದರೂ ಹೋಗುವುದಿಲ್ಲ. ಅಗಲ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಹಾಕಿ, ಮರುದಿನ ಮುಗಿಸಿ.

ಫ್ರಿಜ್ಜಿನಿಂದ ತೆಗೆದಾಗ ಅಗುಳು ಮರಳಿನಂತೆ ಗಟ್ಟಿಯಾಗಿರುತ್ತದೆ. ಕೆಟ್ಟಿಲ್ಲ; ತಣ್ಣಗಾದ ಪಿಷ್ಟ ಬಿಗಿದುಕೊಂಡಿದೆ. ಎರಡು ಚಮಚ ನೀರು ಚಿಮುಕಿಸಿ, ಮುಚ್ಚಿ, ಆವಿಯಲ್ಲಿ ಐದು ನಿಮಿಷ ಬಿಟ್ಟರೆ ಮತ್ತೆ ಸಡಿಲಾಗುತ್ತದೆ. ಬೆಳಿಗ್ಗೆ ಮಾಡಿ ಮಧ್ಯಾಹ್ನದ ಡಬ್ಬಿಗೆ ಹಾಕುವುದಾದರೆ ಮೊದಲೇ ಕಾಲು ಲೋಟ ನೀರು ಹೆಚ್ಚಿಗೆ ಇಡಿ, ತುಪ್ಪದ ಬದಲು ಎಣ್ಣೆ ಹಾಕಿ. ತಣ್ಣಗಾದ ತುಪ್ಪ ಅಗುಳಿಗೆ ಮೇಣದಂತೆ ಅಂಟಿಕೊಳ್ಳುತ್ತದೆ. ಹುರಿದ ಬೀಜ ಡಬ್ಬಿಯೊಳಗೆ ಬೇಡ. ಚಿಕ್ಕ ಕಾಗದದ ಪೊಟ್ಟಣ ಕಟ್ಟಿ ಮುಚ್ಚಳದ ಮೇಲಿಡಿ. ನನ್ನ ಮಗಳ ಪೊಟ್ಟಣ ಸ್ಕೂಲ್ ಬಸ್ಸಿನಲ್ಲೇ ಖಾಲಿಯಾಗುತ್ತದೆ ಎಂದು ತಿಳಿದ ಮೇಲೆ ಎರಡು ಕಟ್ಟುತ್ತಿದ್ದೇನೆ.